ಗಡುವು ಇರುವಾಗ ಸಾವಿನ ಗೆರೆ ಯಾಕೆ?



‘ಇವತ್ತೇ ಡೆಡ್‌ಲೈನ್ ಗುರೂ, ಸತ್ತೆ!’ ದಿನಕ್ಕೆ ಎಷ್ಟು ಸಲ ಈ ಮಾತು ಆಡುತ್ತೀರಿ? ಆಫೀಸಿನಲ್ಲಿ, ಕಾಲೇಜಿನಲ್ಲಿ, ಮೆಟ್ರೋದಲ್ಲಿ, ಎಲ್ಲೆಲ್ಲೂ ಇದೇ. ನನ್ನ ಪ್ರೆಸ್ಸಿಗೆ ಲಗ್ನಪತ್ರಿಕೆ ಮಾಡಿಸಲು ಬರುವ ಹುಡುಗರೂ ‘ಸಾರ್, ಡೆಡ್‌ಲೈನ್ ಹೇಳಿ’ ಅನ್ನುತ್ತಾರೆ. ಮದುವೆ ಕೆಲಸಕ್ಕೂ ‘ಡೆಡ್’! ಈ ಪದ ಎಲ್ಲಿಂದ ಬಂತು ಗೊತ್ತೇ? ಕೇಳಿ.

ಅಮೆರಿಕದ ಅಂತರ್ಯುದ್ಧದ ಕಾಲ. 1864ರ ಫೆಬ್ರವರಿಯಲ್ಲಿ ದಕ್ಷಿಣದವರು ಜಾರ್ಜಿಯಾ ರಾಜ್ಯದ ಆಂಡರ್ಸನ್‌ವಿಲ್ ಎಂಬಲ್ಲಿ ಯುದ್ಧಕೈದಿಗಳಿಗೆ ಬಯಲು ಸೆರೆಮನೆ ತೆರೆದರು. ಸುತ್ತಲೂ ಮರದ ದಿಮ್ಮಿಗಳ ಎತ್ತರದ ಗೋಡೆ. ಗೋಡೆಯಿಂದ ಸುಮಾರು 19 ಅಡಿ ಒಳಗೆ ಒಂದು ಸಾಧಾರಣ ಬೇಲಿ. ಅದೇ ‘ಡೆಡ್ ಲೈನ್’. ಅದನ್ನು ದಾಟಿದ ಕೈದಿಯನ್ನು ಕಾವಲುಗಾರ ಗುಂಡಿಟ್ಟು ಕೊಲ್ಲಬಹುದಿತ್ತು. 14 ತಿಂಗಳಲ್ಲಿ ಸುಮಾರು 45,000 ಕೈದಿಗಳನ್ನು ಅಲ್ಲಿ ತುಂಬಿದರು. ಹೆಚ್ಚಾಗಿ ಹಸಿವು, ರೋಗ, ಕೊಳಕಿನಿಂದಲೇ ಸುಮಾರು 13,000 ಮಂದಿ ಸತ್ತರು. ಅಲ್ಲಿನ ಅಧಿಕಾರಿ ಹೆನ್ರಿ ವಿರ್ಜ್‌ನನ್ನು ವಿಚಾರಣೆ ಮಾಡಿ 1865ರ ನವೆಂಬರ್ 10ರಂದು ಗಲ್ಲಿಗೇರಿಸಿದರು. ಗೆರೆ ದಾಟಿದವರ ಕಥೆ ಆ ವಿಚಾರಣೆಯಲ್ಲೂ ಬಂತು.

ನಮ್ಮವರೂ ಗೆರೆ ಎಳೆದಿದ್ದಾರೆ. ಆದರೆ ಲಕ್ಷ್ಮಣರೇಖೆ ಒಳಗಿದ್ದವರನ್ನು ಕಾಯಲು. ಆಂಡರ್ಸನ್‌ವಿಲ್‌ನ ಗೆರೆ ಒಳಗಿದ್ದವರನ್ನು ಕೊಲ್ಲಲು!

ಆಮೇಲೆ ಈ ಪದ ನನ್ನ ಕಸುಬಿಗೂ ಬಂತು. ಅಚ್ಚುಯಂತ್ರದ ಹಾಸಿನ ಮೇಲೆ ಮೊಳೆ ಜೋಡಿಸಿ ಇಡುವಾಗ ಒಂದು ಗೆರೆ ಇರುತ್ತಿತ್ತು. ಆ ಗೆರೆ ಮೀರಿ ಕೂತ ಅಕ್ಷರ ಸರಿಯಾಗಿ ಅಚ್ಚಾಗುವುದಿಲ್ಲ. ಅದಕ್ಕೂ ಇಂಗ್ಲಿಷಿನವರು ‘ಡೆಡ್ ಲೈನ್’ ಎಂದರು. 1920ರ ಹೊತ್ತಿಗೆ ಅಮೆರಿಕದ ಪತ್ರಿಕಾ ಕಚೇರಿಗಳಲ್ಲಿ ಸುದ್ದಿ ಕೊಡುವ ಕೊನೆ ಗಳಿಗೆಗೆ ಇದೇ ಹೆಸರು ನಿಂತಿತು. ಅಲ್ಲಿಂದ ಲೋಕವೆಲ್ಲ ಸುತ್ತಿ ನಿಮ್ಮ ನಾಲಗೆ ಮೇಲೆ ಕೂತಿದೆ.

ಹಾಗಾದರೆ ನಮ್ಮಲ್ಲಿ ಪದವಿರಲಿಲ್ಲವೇ? ಒಂದಲ್ಲ, ನಾಲ್ಕಿವೆ! ಇಷ್ಟರೊಳಗೆ ಮಾಡಲೇಬೇಕು ಎಂದು ಹೇಳಿದರೆ ಅದು ಗಡುವು. ಸರ್ಕಾರಕ್ಕೆ ಹದಿನೈದು ದಿನದ ಗಡುವು ಕೊಟ್ಟೆವು ಅನ್ನುತ್ತೇವಲ್ಲ, ಅದೇ. ತೆಲುಗಿನವರೂ ಇದೇ ಪದ ಬಳಸುತ್ತಾರೆ. ಸಾಲ ತೀರಿಸುತ್ತೇನೆಂದು ಒಪ್ಪಿಕೊಂಡ ಕಾಲ ವಾಯಿದೆ. ಇದು ಅರಬ್ಬಿಯಿಂದ ಬಂದದ್ದು, ಆದರೂ ಸಂತೆ, ಕೋರ್ಟು ಸುತ್ತಿ ನಮ್ಮದೇ ಆಗಿದೆ. ಅರ್ಜಿ ಹಾಕಲು ಕೊನೆಯ ದಿನ. ಕಚೇರಿ ಕೆಲಸಕ್ಕೆ ಕಾಲಮಿತಿ. ಈ ಕಾಲಮಿತಿಯ ಮೇಲೇ 2011ರಲ್ಲಿ ನಮ್ಮ ರಾಜ್ಯ ಒಂದು ಕಾಯ್ದೆ ಮಾಡಿತು. ಅದೇ ‘ಸಕಾಲ’. ಹೇಳಿದ ದಿನಕ್ಕೆ ಕೆಲಸ ಆಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಎಂದು ಅದರಲ್ಲಿ ಬರೆದರು. ನಾಲ್ಕು ಸಂದರ್ಭಕ್ಕೆ ನಾಲ್ಕು ಪದ ಇಟ್ಟುಕೊಂಡಿದ್ದ ನಾವು ಎಲ್ಲದಕ್ಕೂ ಒಂದೇ ‘ಡೆಡ್‌ಲೈನ್’ ಹಚ್ಚಿ ಕೂತಿದ್ದೇವೆ. ಇದು ಶ್ರೀಮಂತಿಕೆಯೋ ದಾರಿದ್ರ್ಯವೋ, ನೀವೇ ಹೇಳಿ.

‘ಏನಣ್ಣ, ಒಂದು ಪದಕ್ಕೆ ಇಷ್ಟು ರಂಪವೇ?’ ಎಂದು ನೀವು ನಗಬಹುದು. ನಾನೂ ನಗುತ್ತಿದ್ದೆ. ಆದರೆ ನನ್ನಿಂದಲೇ ಒಂದು ತಪ್ಪಾಯಿತು. ಒಂದು ತರಬೇತಿ ಕೇಂದ್ರದವರು ಸಾವಿರ ಕರಪತ್ರ ಹಾಕಿಸಿದರು. ಬಡ ಹೆಣ್ಣುಮಕ್ಕಳಿಗೆ ಉಚಿತ ಕಲಿಕೆ. ಕೆಳಗೆ ಫೋನ್ ನಂಬರು, ಅದರ ಪಕ್ಕದಲ್ಲೇ ಕನ್ನಡ ಅಕ್ಷರದಲ್ಲಿ ‘ಡೆಡ್‌ಲೈನ್ 30’. ಅವರು ಕೊಟ್ಟ ಹಾಗೇ ಅಚ್ಚು ಹಾಕಿದೆ. ಆ ಸಾವಿರ ಹಾಳೆ ಮಡಚಿದ್ದು ನಮ್ಮ ಬೈಂಡಿಂಗ್ ಕೆಲಸದ ಅಕ್ಕ. ಒಂದು ಹಾಳೆ ಮಗಳಿಗೆಂದು ಮನೆಗೂ ಒಯ್ದರು. ಮುಂದಿನ ತಿಂಗಳು ಒಂದನೇ ತಾರೀಕು ಫೋನ್ ಮಾಡಿದರೆ ಸೀಟು ಮುಗಿದಿತ್ತು. ನಾನು ಕೇಳಿದೆ: ‘ಯಾಕಕ್ಕಾ ತಡ ಮಾಡಿದಿರಿ?’

‘ಅಣ್ಣಾ, 30ರ ಗಂಟ ಫೋನ್ ಲೈನು ಡೆಡ್ಡು, ಆಮೇಲೆ ಮಾಡಿ ಅಂತ ಹಾಕವ್ರೆ ಅನ್ಕಂಡೆ!’

ನಗು ಬಂತೇ? ನನಗೆ ಬರಲಿಲ್ಲ. ಅವರು ಓದಿದ್ದು ಸರಿಯಾಗಿಯೇ ಇತ್ತು. ಲೈನು ಡೆಡ್ಡಾಗುವುದು ಎಂದರೆ ನಮ್ಮ ಊರಿನಲ್ಲಿ ಅದೇ ಅರ್ಥ. ತಪ್ಪು ನನ್ನದು. ಕನ್ನಡ ಅಕ್ಷರದಲ್ಲಿ ಬರೆದ ಮಾತ್ರಕ್ಕೆ ಅದು ಕನ್ನಡವಾಗಲಿಲ್ಲ. ‘ಕೊನೆಯ ದಿನ’ ಎಂಬ ಎರಡು ಪದ ಹಾಕಿದ್ದರೆ ಒಂದು ಹುಡುಗಿಗೆ ಸೀಟು ಸಿಗುತ್ತಿತ್ತೇನೋ!

ಗೆಳೆಯರೇ, ನನಗೆ ಇಂಗ್ಲಿಷಿನ ಮೇಲೆ ಹಗೆಯಿಲ್ಲ. ಪ್ರೆಸ್ಸು, ಬೈಂಡಿಂಗು ಎಂದು ನಾನೇ ಬರೆದಿದ್ದೇನೆ. ಅವು ಎಲ್ಲರಿಗೂ ಅರ್ಥವಾಗುತ್ತವೆ. ಅರ್ಥವಾಗದ ಪದವನ್ನು ಜಂಭಕ್ಕೆ ಬಳಸಿದಾಗ ಮಾತ್ರ ಅದು ಬೇಲಿಯಾಗುತ್ತದೆ. ಆ ಬೇಲಿಯಲ್ಲಿ ಸಿಕ್ಕಿಕೊಳ್ಳುವವರು ನಿಮ್ಮ ತಾಯಿ, ನಿಮ್ಮ ಪಕ್ಕದ ಮನೆಯವರು.

ಕಾಲೇಜಿನ ಸೂಚನೆ, ಅಪಾರ್ಟ್‌ಮೆಂಟಿನ ನೋಟೀಸು, ವಾಟ್ಸಾಪ್ ಗುಂಪಿನ ಸಂದೇಶ, ಯಾವುದನ್ನೇ ಬರೆಯಿರಿ, ‘ಕೊನೆಯ ದಿನ’ ಎನ್ನಿ, ‘ಗಡುವು’ ಎನ್ನಿ. ನನ್ನ ಪ್ರೆಸ್ಸಿನಲ್ಲಿ ಅವತ್ತಿನಿಂದ ಕನ್ನಡ ಕರಪತ್ರಕ್ಕೆ ‘ಡೆಡ್‌ಲೈನ್’ ಹಾಕುವುದಿಲ್ಲ. ಗಿರಾಕಿ ಕೇಳಿದರೆ ಈ ಕಥೆ ಹೇಳುತ್ತೇನೆ. ನೀವು ಯಾವಾಗಿನಿಂದ ಬಿಡುತ್ತೀರಿ? ಗಡುವು ನೀವೇ ಹಾಕಿಕೊಳ್ಳಿ!