ಆ ಹುಡುಗಿ ಕೇಳಿದಾಗ ನಿಜ ಹೇಳಿ

ನಿಮ್ಮ ಮನೆಯ ಯಜಮಾನರು ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದಾರೆ ಎಂದುಕೊಳ್ಳಿ. ಜಿಲ್ಲಾ ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ಮಂಚ ಸಿಕ್ಕಿದೆ, ಡ್ರಿಪ್ ಹಾಕಿದ್ದಾರೆ, ಆಪರೇಷನ್ ನಾಳಿದ್ದು. ಸಂಜೆ ಹೊತ್ತಿಗೆ ಇಪ್ಪತ್ತರ ಆಸುಪಾಸಿನ ಹುಡುಗಿಯೊಬ್ಬಳು ಯೂನಿಫಾರಂ ತೊಟ್ಟು, ರಟ್ಟಿನ ಪ್ಯಾಡ್ ಹಿಡಿದು ಬರುತ್ತಾಳೆ. ನರ್ಸಿಂಗ್ ವಿದ್ಯಾರ್ಥಿನಿ. ಊರು, ವಯಸ್ಸು, ಶುಗರ್, ಬಿಪಿ ಎಲ್ಲ ಕೇಳಿ ಮುಗಿಸಿ, ಸ್ವಲ್ಪ ತಡವರಿಸಿ, "ಕುಡಿಯೋ ಅಭ್ಯಾಸ ಇದೆಯಾ?" ಎನ್ನುತ್ತಾಳೆ. ಯಜಮಾನರು ಗೋಡೆ ಕಡೆ ಮುಖ ತಿರುಗಿಸುತ್ತಾರೆ. ಪಕ್ಕದಲ್ಲಿರುವ ಹೆಂಡತಿಯೋ ಮಗನೋ ಥಟ್ಟನೆ ಹೇಳುತ್ತಾರೆ: "ಇಲ್ಲಮ್ಮ, ನಮ್ಮವರು ಅಂಥವರಲ್ಲ." ಅವಳು 'ಇಲ್ಲ' ಎಂದು ಬರೆದುಕೊಂಡು ಮುಂದಿನ ಮಂಚಕ್ಕೆ ಹೋಗುತ್ತಾಳೆ.

ದಯವಿಟ್ಟು ಹಾಗೆ ಹೇಳಬೇಡಿ. ಇಷ್ಟು ಕೇಳಿಕೊಳ್ಳುವುದಕ್ಕೇ ಈ ಬರಹ.

ಆ ಸುಳ್ಳಿನ ಫಲ ಅದೇ ರಾತ್ರಿ ಕಾಣಿಸಿಕೊಳ್ಳಲು ತೊಡಗುತ್ತದೆ. ವರ್ಷಗಟ್ಟಲೆ ದಿನಾ ಕುಡಿದವರ ಮಿದುಳು ಮದ್ಯಕ್ಕೆ ಒಗ್ಗಿಹೋಗಿರುತ್ತದೆ. ಆಸ್ಪತ್ರೆ ಸೇರಿದ ದಿನ ಅದು ಏಕಾಏಕಿ ನಿಲ್ಲುತ್ತದೆ. ಆರೆಂಟು ಗಂಟೆ ಕಳೆಯುವಷ್ಟರಲ್ಲಿ ಕೈ ನಡುಕ, ಬೆವರು, ಹೊಟ್ಟೆ ತೊಳಸು, ಎದೆ ಡವಡವ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ಸನ್ನಿ ಹಿಡಿಯುತ್ತದೆ. ಹಗಲೋ ರಾತ್ರಿಯೋ ತಿಳಿಯದು. ಗೋಡೆಯ ಮೇಲೆ ಹುಳು ಹರಿದಾಡಿದಂತೆ ಕಾಣುತ್ತದೆ, ಡ್ರಿಪ್ ಕಿತ್ತು ಮುರಿದ ಕಾಲಲ್ಲೇ ಎದ್ದು ಓಡಲು ನೋಡುತ್ತಾರೆ. ಗಾಳಿ ಸೋಕಿದೆ ಎನ್ನುವವರು ಒಬ್ಬರು, ಡಾಕ್ಟರು ಏನೋ ಇಂಜೆಕ್ಷನ್ ಕೊಟ್ಟು ತಲೆ ಕೆಡಿಸಿದರು ಎನ್ನುವವರು ಇನ್ನೊಬ್ಬರು. ಕೈಕಾಲನ್ನು ಮಂಚಕ್ಕೆ ಕಟ್ಟುತ್ತಾರೆ, ಊರಿನಿಂದ ತಾಯತ ಬರುತ್ತದೆ. ವೈದ್ಯರು ಇದನ್ನು ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ಚಿಕಿತ್ಸೆ ಸಿಗದೆ ಹೋದರೆ ಪ್ರಾಣಕ್ಕೇ ಕುತ್ತು.

ಸಂಕಟವೆಂದರೆ, ಮೊದಲೇ ಗೊತ್ತಿದ್ದರೆ ಇದನ್ನು ಬಹುಮಟ್ಟಿಗೆ ತಡೆಯಬಹುದು. ಲೊರಾಜೆಪಾಮ್, ಕ್ಲೋರ್‌ಡಯಾಜೆಪಾಕ್ಸೈಡ್‌ನಂಥ ಔಷಧಿ ಶುರುಮಾಡಿ ದಿನದಿಂದ ದಿನಕ್ಕೆ ಇಳಿಸುತ್ತ ಬರುತ್ತಾರೆ. ಜತೆಗೆ ಥಯಾಮಿನ್, ಅಂದರೆ ಬಿ1 ಜೀವಸತ್ವ. ನಮ್ಮ ಜನರಿಗೆ ಗ್ಲೂಕೋಸಿನ ಮೇಲೆ ವಿಪರೀತ ನಂಬಿಕೆ. "ಸುಸ್ತಾಗಿದಾರೆ, ಒಂದು ಬಾಟ್ಲಿ ಏರಿಸಿ" ಎಂದು ದುಂಬಾಲು ಬೀಳುತ್ತೇವೆ. ಹೊಟ್ಟೆಗೆ ಸರಿಯಾಗಿ ತಿನ್ನದೆ ಬರೀ ಕುಡಿದು ಬಂದವರಿಗೆ ಥಯಾಮಿನ್ ಇಲ್ಲದೆ ಗ್ಲೂಕೋಸ್ ಮಾತ್ರ ಏರಿಸಿದರೆ ಮಿದುಳಿಗೆ ಪೆಟ್ಟು ಬಿದ್ದು, ಕಣ್ಣಿನ ಚಲನೆ, ನಡಿಗೆಯ ಹಿಡಿತ ತಪ್ಪಬಹುದು. ನೆನಪಿನ ಶಕ್ತಿ ಮರಳಿ ಬಾರದಂತೆ ಹೋಗಲೂಬಹುದು. ನಡುಕ, ಬೆವರು, ಚಡಪಡಿಕೆ, ಭ್ರಮೆ ಎಂದು ಹತ್ತು ಅಂಶಗಳಿಗೆ ಅಂಕ ಹಾಕುವ ಸಿಐಡಬ್ಲ್ಯುಎ ಎಂಬ ಅಳತೆಪಟ್ಟಿಯೊಂದಿದೆ. ಅದನ್ನು ಗಂಟೆ ಗಂಟೆಗೆ ತುಂಬುವವರು ಸಾಮಾನ್ಯವಾಗಿ ನರ್ಸುಗಳು. ಡಾಕ್ಟರು ರೌಂಡ್ಸ್ ಮುಗಿಸಿ ಹೋದ ಮೇಲೆ, ರಾತ್ರಿ ಎರಡು ಗಂಟೆಗೆ ಆ ನಡುಕ ಕಣ್ಣಿಗೆ ಬೀಳುವುದು ಡ್ಯೂಟಿಯಲ್ಲಿರುವ ಸಿಸ್ಟರಿಗೆ, ಅವರ ಹಿಂದೆ ನಿಂತ ವಿದ್ಯಾರ್ಥಿನಿಗೆ. ಕೇಸ್ ಶೀಟಿನಲ್ಲಿ 'ಇಲ್ಲ' ಎಂದಿದ್ದರೆ ಅವರು ಆ ನಡುಕಕ್ಕೆ ಬೇರೆ ಕಾರಣ ಹುಡುಕುತ್ತ ಕೂರುತ್ತಾರೆ.

ಹಾಗಾದರೆ ಏನು ಹೇಳಬೇಕು? "ಹಬ್ಬ ಹರಿದಿನಕ್ಕೆ ಸ್ವಲ್ಪ" ಎಂದರೆ ಅವಳಿಗೆ ಏನೂ ತಿಳಿಯದು. ನೈಂಟಿಯೋ ಕ್ವಾರ್ಟರೋ, ದಿನಕ್ಕೆ ಎಷ್ಟು, ಬೆಳಗ್ಗೆ ಎದ್ದ ಕೂಡಲೇ ಬೇಕೋ ಎಂಬುದನ್ನು ಹೇಳಿ. ಒಂದು ಕ್ವಾರ್ಟರ್ ಅಂದರೆ 180 ಮಿಲಿ, ಅದರಲ್ಲಿ ಸುಮಾರು 60 ಗ್ರಾಂ ಆಲ್ಕೋಹಾಲ್. ಆ ಲೆಕ್ಕ ಅವಳು ಮಾಡಿಕೊಳ್ಳುತ್ತಾಳೆ. ಎಲ್ಲಕ್ಕಿಂತ ಮುಖ್ಯ, ಕೊನೆಯ ಸಲ ಕುಡಿದದ್ದು ಯಾವತ್ತು, ಎಷ್ಟು ಹೊತ್ತಿಗೆ. ಹಿಂದೆ ಕುಡಿತ ಬಿಟ್ಟಾಗ ಫಿಟ್ಸ್ ಬಂದಿದ್ದರೆ ಅದನ್ನೂ ಹೇಳಿ, ಈ ಸಲವೂ ಬರುವ ಸಂಭವ ಹೆಚ್ಚು.

ಗಂಡಸರ ಮಾತಾಯಿತು. ಅಜ್ಜಿಯನ್ನು ಯಾರೂ ಕೇಳುವುದಿಲ್ಲ. ನಿದ್ದೆ ಬರುವುದಿಲ್ಲವೆಂದು ಯಾವ ಕಾಲದಲ್ಲೋ ಬರೆದುಕೊಟ್ಟ ಆಲ್ಪ್ರಜೊಲಾಮ್ ಮಾತ್ರೆಯನ್ನು ಅದೇ ಹಳೇ ಚೀಟಿ ತೋರಿಸಿ ವರ್ಷಾನುಗಟ್ಟಲೆ ನುಂಗುತ್ತಿರುವ ಅಜ್ಜಿಯರು ನಮ್ಮ ಮನೆಗಳಲ್ಲಿದ್ದಾರೆ. ಕಣ್ಣಿನ ಆಪರೇಷನ್ನಿಗೋ ಜ್ವರಕ್ಕೋ ಸೇರಿಸಿದಾಗ ಆ ಮಾತ್ರೆ ತಪ್ಪಿದರೆ ಅವರಿಗೂ ನಡುಕ, ಗೊಂದಲ, ಕೆಲವೊಮ್ಮೆ ಫಿಟ್ಸ್. ಆಸ್ಪತ್ರೆಗೆ ಹೊರಡುವಾಗ ಆಧಾರ್ ಕಾರ್ಡಿನ ಜತೆ ಆ ಖಾಲಿ ಸ್ಟ್ರಿಪ್ಪನ್ನೂ ಚೀಲಕ್ಕೆ ಹಾಕಿಕೊಳ್ಳಿ. ಇನ್ನೊಂದು ಗುಟ್ಟು ಹೆಂಡತಿಯರದ್ದು. ಗಂಡನಿಗೆ ತಿಳಿಯದ ಹಾಗೆ ಕಾಫಿಯಲ್ಲೋ ಸಾರಿನಲ್ಲೋ 'ಕುಡಿತ ಬಿಡಿಸುವ ಮಾತ್ರೆ' ಬೆರೆಸುವುದು. ಅದು ಡೈಸಲ್ಫಿರಾಮ್ ಆಗಿದ್ದು, ಆತ ಅದರ ಮೇಲೆ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಬಿಪಿ ಕುಸಿದು, ಹೃದಯಕ್ಕೇ ತೊಂದರೆಯಾಗಬಹುದು. ರೋಗಿ ಒಪ್ಪಿ, ತಿಳಿದು ತೆಗೆದುಕೊಳ್ಳಬೇಕಾದ ಔಷಧಿ ಅದು. ಕೊಟ್ಟಿದ್ದರೆ ನಾಚಿಕೆ ಬಿಟ್ಟು ಹೇಳಿ, ನಾಳೆಯಿಂದ ನಿಲ್ಲಿಸಿ.

ಆ ಹುಡುಗಿಯ ಬಗ್ಗೆಯೂ ಸ್ವಲ್ಪ ಹೇಳಬೇಕು. ಬಿ.ಎಸ್ಸಿ. ನರ್ಸಿಂಗ್‌ನಲ್ಲಿ ಮಾನಸಿಕ ಆರೋಗ್ಯದ ಪಾಠ ಬರುವುದು ಮೂರನೆಯ ವರ್ಷ. ಅಲ್ಲಿಯತನಕ ಅವಳಿಗಿರುವುದು ನಮ್ಮ ನಿಮ್ಮ ಮನೆಯಲ್ಲಿ ಕಲಿತದ್ದೇ. ಮನೋರೋಗ ವಾರ್ಡಿನ ಪೋಸ್ಟಿಂಗ್ ಬಿತ್ತೆಂದರೆ "ಹುಷಾರು, ಹತ್ತಿರ ಹೋಗಬೇಡ" ಎಂದು ಮನೆಯಿಂದ ಫೋನು. ಅವಳು ಕೇರಳದವಳೋ ಮಣಿಪುರದವಳೋ ಆಗಿದ್ದರೆ, ನಿನ್ನೆ ಮೊನ್ನೆ ಕಲಿತ ಕನ್ನಡದಲ್ಲಿ ಇಂಥ ಸೂಕ್ಷ್ಮ ಪ್ರಶ್ನೆ ಕೇಳಬೇಕು. ಅವಳ ಕನ್ನಡಕ್ಕೆ ನಗಬೇಡಿ, ಉತ್ತರ ಕೊಡಿ. ಅವಳ ಅಪ್ಪನೂ ಕುಡಿಯುವವನಾಗಿದ್ದರೆ ಆ ಪ್ರಶ್ನೆ ಕೇಳಲು ಅವಳಿಗೆಷ್ಟು ಧೈರ್ಯ ಬೇಕೋ!

ನರ್ಸಿಂಗ್ ಕಾಲೇಜುಗಳ ಮೇಷ್ಟರು, ಮೇಡಂಗಳಲ್ಲಿ ನನ್ನದೊಂದು ತಕರಾರಿದೆ. ಮಾನಸಿಕ ಕಾಯಿಲೆಯನ್ನು ಒಂದು ವಿಷಯ, ಒಂದು ಪೋಸ್ಟಿಂಗ್, ಒಂದು ಕೇಸ್ ಸ್ಟಡಿಗೆ ಕಟ್ಟಿಹಾಕಿದ್ದೀರಿ. ಕುಡಿತದ ರೋಗಿ ಸಿಗುವುದು ಮೂಳೆ ವಾರ್ಡಿನಲ್ಲಿ, ಲಿವರ್ ಕೆಟ್ಟು ಬಂದು ಮೆಡಿಕಲ್ ವಾರ್ಡಿನಲ್ಲಿ. ಬಾಣಂತಿ ಸನ್ನಿ ಹೆಚ್ಚಾಗಿ ಕಾಣಿಸಿಕೊಳ್ಳುವುದು ಹೆರಿಗೆಯಾದ ಎರಡು ವಾರದೊಳಗೆ; ಅದನ್ನು ಮೊದಲು ಗುರುತಿಸಬೇಕಾದ್ದು ಹೆರಿಗೆ ವಾರ್ಡಿನವರು. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಇದು ತಜ್ಞರಿಗೆ ಮಾತ್ರ ಸಾಧ್ಯವಾದ ಕೆಲಸವಲ್ಲ ಎಂದು ತೋರಿಸಿದರು. ಆ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಅಷ್ಟಾದರೂ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಕುಡಿತದ ಕಾಯಿಲೆಯಿರುವ 100 ಮಂದಿಯಲ್ಲಿ ಸುಮಾರು 86 ಮಂದಿಗೆ ಚಿಕಿತ್ಸೆ ತಲುಪಿರಲಿಲ್ಲ. ಅವರಲ್ಲೂ ಅನೇಕರು ಬೇರೆ ಯಾವುದೋ ನೋವಿಗೆ ಆಸ್ಪತ್ರೆಯ ಮೆಟ್ಟಿಲು ಹತ್ತಿಯೇ ಇರುತ್ತಾರೆ.

ವಿಷ ಕುಡಿದು ಬಂದವರ ವಿಚಾರ ಇನ್ನೂ ಕಹಿ. ಹೊಲಕ್ಕೆ ಹೊಡೆಯುವ ಔಷಧಿ ಕುಡಿದು ಬಂದ ಹೆಣ್ಣುಮಗಳಿಗೆ ಹೊಟ್ಟೆ ತೊಳೆಯುತ್ತಲೇ ಬೈಯುವವರನ್ನು ನೋಡಿ ಕಲಿಯುವ ವಿದ್ಯಾರ್ಥಿನಿ ನಾಳೆ ತಾನೂ ಬೈಯುತ್ತಾಳೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಹೊಣೆ ಎನ್ನುತ್ತದೆ. ಮನೆಯವರು ಕೇಸಿಗೆ ಹೆದರಿ "ಗೊತ್ತಾಗದೆ ಕುಡಿದಳು" ಎನ್ನುತ್ತಾರೆ; ಗುಣವಾದ ಮೇಲೆ ಮನೋವೈದ್ಯರನ್ನು ಕಾಣದೆಯೇ ಡಿಸ್ಚಾರ್ಜ್ ಆಗುತ್ತದೆ, ಅದೇ ಮನೆಗೆ, ಅದೇ ಡಬ್ಬಿ ಇರುವ ಅಟ್ಟದ ಕೆಳಗೆ. ಕರೆದುಕೊಂಡು ಹೋಗುವ ಮುಂಚೆ ಮನೋವೈದ್ಯರಿಗೆ ತೋರಿಸಿ ಎಂದು ನೀವೇ ಕೇಳಿ. ಮನೆಗೆ ಹೋದ ಕೂಡಲೇ ಡಬ್ಬಿಗೆ ಬೀಗ ಹಾಕಿ.

ಇನ್ನು ಪ್ರಶ್ನೆ ಕೇಳುವವಳಿಗೇ ಕಾಯಿಲೆ ಬಂದರೆ? ಹದಿನೆಂಟಕ್ಕೆ ಮನೆ ಬಿಟ್ಟು, ಬೆಳಗ್ಗೆ ಪಾಠ, ಮಧ್ಯಾಹ್ನ ವಾರ್ಡು, ಕೆಲವು ವಾರ ನೈಟ್ ಡ್ಯೂಟಿ, ಮೊದಲ ಸಾವನ್ನು ಕಣ್ಣಾರೆ ಕಂಡ ಮಾರನೆಯ ದಿನ ಇಂಟರ್ನಲ್ ಪರೀಕ್ಷೆ, ತಲೆಯ ಮೇಲೆ ಶಿಕ್ಷಣ ಸಾಲ. ನಿದ್ದೆ ಕೆಡುತ್ತದೆ, ಅಳು ತಡೆಯದು, ಊಟ ಸೇರದು. ನಿದ್ದೆ ಮಾತ್ರೆ, ನೋವಿನ ಇಂಜೆಕ್ಷನ್ನು ಇರುವ ಕಪಾಟಿನ ಪಕ್ಕದಲ್ಲೇ ಅವಳ ಕೆಲಸ. ಅಭ್ಯಾಸ ಅಲ್ಲಿಂದಲೂ ಶುರುವಾಗಬಹುದು. ಹುಡುಗರ ಹಾಸ್ಟೆಲ್ಲುಗಳಲ್ಲಿ ಗಾಂಜಾ ಇಲ್ಲವೆಂದು ಹೇಳುವವರು ಹಾಸ್ಟೆಲ್ ನೋಡಿಲ್ಲ. ಇಂಥದ್ದು ಗೊತ್ತಾದಾಗ ಪ್ರಿನ್ಸಿಪಾಲರು ಸಾಮಾನ್ಯವಾಗಿ ಮಾಡುವುದು ತಂದೆಯನ್ನು ಕರೆಸಿ ಮಗುವನ್ನು ಊರಿಗೆ ಕಳಿಸುವುದು. ಅದು ಶಿಸ್ತು ಇರಬಹುದು, ಚಿಕಿತ್ಸೆಯಂತೂ ಅಲ್ಲ.

ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಮುಂದೆ ಬಂದರೆ, ಸ್ವಂತ ಸೇವನೆಯಂಥ ಅಲ್ಪ ಪ್ರಮಾಣದ ಅಪರಾಧಕ್ಕೆ ಮೊಕದ್ದಮೆಯಿಂದ ರಕ್ಷಣೆ ಕೊಡುವ 64ಎ ಸೆಕ್ಷನ್ ಮಾದಕದ್ರವ್ಯ ಕಾಯ್ದೆಯಲ್ಲೇ ಇದೆ. ಚಿಕಿತ್ಸೆಯ ವಿವರ ಗುಟ್ಟಾಗಿಡಿಸಿಕೊಳ್ಳುವ ಹಕ್ಕನ್ನು ಮಾನಸಿಕ ಆರೋಗ್ಯ ಕಾಯ್ದೆ ಕೊಟ್ಟಿದೆ. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಯಲ್ಲಿ ಒಬ್ಬರಾದರೂ ಅರ್ಹ ಕೌನ್ಸೆಲರ್ ಇರಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ನಿಮ್ಮ ಮಗಳ ಕಾಲೇಜಿನಲ್ಲಿ ಇದ್ದಾರೆಯೇ? ಫೀಸು ಕಟ್ಟಲು ಹೋದಾಗ ಕೇಳಿ. ಪಾಠ ಮಾಡುವ ಮೇಡಂ ಒಬ್ಬರಿಗೇ ಆ ಹುದ್ದೆಯನ್ನೂ ಅಂಟಿಸಿದ್ದರೆ ಒಪ್ಪಬೇಡಿ. ಅಂಕ ಹಾಕುವವರ ಎದುರು ಯಾವ ಮಗು ಬಾಯಿ ಬಿಡುತ್ತದೆ?

ನರ್ಸಿಂಗ್ ಓದುತ್ತಿರುವ ತಮ್ಮ ತಂಗಿಯರೇ, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್‌ನ ಸಂಖ್ಯೆ 14416. ಹಗಲು ರಾತ್ರಿ ಯಾವಾಗಲೂ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ, ಮಲಯಾಳಂನಲ್ಲೂ. ಮಾದಕ ವ್ಯಸನಕ್ಕೆಂದೇ ಇರುವ ಸಹಾಯವಾಣಿ 14446. ರೋಗಿಗಳಿಗೆ ಬರೆದುಕೊಡುವ ಈ ಎರಡು ಸಂಖ್ಯೆಗಳನ್ನು ನಿಮ್ಮ ಫೋನಿನಲ್ಲೂ ಇಟ್ಟುಕೊಳ್ಳಿ. ತಂದೆ ತಾಯಂದಿರೇ, ಮಗಳು ಹಾಸ್ಟೆಲಿನಿಂದ ಫೋನ್ ಮಾಡಿ "ಆಗ್ತಿಲ್ಲ ಅಮ್ಮಾ" ಎಂದರೆ ಕಟ್ಟಿದ ಫೀಸಿನ ಲೆಕ್ಕ ಆಗಲೇ ತೆಗೆಯಬೇಡಿ. ಎಷ್ಟು ದಿನದಿಂದ ನಿದ್ದೆಯಿಲ್ಲ, ಊಟ ಹೇಗಿದೆ, ಸಾಯಬೇಕೆನ್ನಿಸುತ್ತದೆಯೇ ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟಿಬಿಡುತ್ತದೆ ಎಂಬುದು ತಪ್ಪು ತಿಳಿವಳಿಕೆ. ಹೌದು ಎಂದರೆ ಫೋನ್ ಇಡಬೇಡಿ. ಅವಳ ಗೆಳತಿಯನ್ನು ಪಕ್ಕದಲ್ಲಿ ಕೂರಿಸಿ, ವಾರ್ಡನ್ನಿಗೆ ತಿಳಿಸಿ, ಅಂದೇ ಬಸ್ಸು ಹತ್ತಿ.