ಕಾಡಂಚಿನ ಕ್ಯಾಮೆರಾ

ಜಿಂಕೆಯನ್ನು ಕಂಡೆವೆಂದು ನಾವು ಹೇಳಿಕೊಳ್ಳುವಾಗ, ಬಹುಮಟ್ಟಿಗೆ ಕಂಡಿರುವುದು ನಮಗೆ ಬೆದರಿದ ಜಿಂಕೆಯನ್ನು. ಅದರ ಸಹಜವಾದ ನಡೆಯನ್ನು ಅರಿಯಬೇಕಾದರೆ ಮನುಷ್ಯನು ಅಲ್ಲಿರಕೂಡದು. ಈ ತೊಡಕನ್ನು ಮೊದಲಿಗೆ ಬಿಡಿಸಿದವರಲ್ಲಿ ಅಮೆರಿಕದ ಜಾರ್ಜ್ ಶೈರಸ್ ಒಬ್ಬರು. ಬೇಟೆಗಾರರಾಗಿದ್ದ ಅವರು ಕೋವಿಯನ್ನು ಬಿಟ್ಟು ಕ್ಯಾಮೆರಾ ಹಿಡಿದರು; ಪ್ರಾಣಿಗಳ ದಾರಿಗೆ ಅಡ್ಡಲಾಗಿ ತಂತಿ ಕಟ್ಟಿ, ಅದನ್ನು ತಾಕಿದ ಜಿಂಕೆಯೇ ತನ್ನ ಚಿತ್ರವನ್ನು ತೆಗೆದುಕೊಳ್ಳುವಂತೆ ಮಾಡಿದರು. 1906ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ಅವರ 74 ಚಿತ್ರಗಳನ್ನು ಅಚ್ಚುಮಾಡಿತು.

ಇಂದು ತಂತಿಯ ಅಗತ್ಯವಿಲ್ಲ. ಮರಕ್ಕೆ ಕಟ್ಟಿದ ಸಣ್ಣ ಪೆಟ್ಟಿಗೆಯೊಂದು, ಎದುರಿಗೆ ಸುಳಿದ ಮೈಯ ಶಾಖವನ್ನು ಗ್ರಹಿಸಿ, ಕಗ್ಗತ್ತಲೆಯಲ್ಲಿಯೂ ಚಿತ್ರ ತೆಗೆಯುತ್ತದೆ. ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಮ್ಮ ನಾಗರಹೊಳೆಯಲ್ಲಿ ಇಂಥ ಚಿತ್ರಗಳ ಪಟ್ಟೆಗಳನ್ನು ಹೋಲಿಸಿ, ಹುಲಿಗಳನ್ನು ಒಂದೊಂದಾಗಿ ಗುರುತಿಸಿ, ಅವುಗಳ ಸಂಖ್ಯೆಯನ್ನು ಅಂದಾಜುಮಾಡುವ ಕ್ರಮವನ್ನು ತೋರಿಸಿಕೊಟ್ಟರು. 2018-19ರ ಅಖಿಲ ಭಾರತ ಹುಲಿ ಗಣತಿಯಲ್ಲಿ 26,838 ನೆಲೆಗಳಲ್ಲಿ ಕ್ಯಾಮೆರಾಗಳನ್ನಿಟ್ಟು ತೆಗೆದ ಚಿತ್ರಗಳು 3,48,58,623. ಅವುಗಳಲ್ಲಿ ಹುಲಿಯವು 76,651 ಮಾತ್ರ. ಹುಲಿಯನ್ನು ಹುಡುಕಹೊರಟ ಕಣ್ಣು ಎಷ್ಟೊಂದನ್ನು ನೋಡಿಬಿಡುತ್ತದೆ!

ಚಿಂತಿಸಬೇಕಾದುದು ಇಲ್ಲಿಯೇ. ಕಾಡಂಚಿನ ದಾರಿ ಜಿಂಕೆಗೆ ಮಾತ್ರ ಸೇರಿದ್ದಲ್ಲ. ಸೌದೆಗೆ, ಹುಲ್ಲಿಗೆ ಹೋಗುವ ಹೆಂಗಸರದೂ ಹೌದು. ಉತ್ತರಾಖಂಡದ ಕಾರ್ಬೆಟ್ ಹುಲಿ ಸಂರಕ್ಷಿತ ಪ್ರದೇಶವನ್ನು ಕುರಿತು ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಮನಸ್ಸನ್ನು ಕಲಕುತ್ತದೆ. ಅಲ್ಲಿ ಬಯಲಿಗೆ ಹೋದ ಹೆಂಗಸೊಬ್ಬಳ ಚಿತ್ರ ಊರಿನಲ್ಲಿ ಕೈಯಿಂದ ಕೈಗೆ ಹರಿದಾಡಿತಂತೆ. ಗಟ್ಟಿಯಾಗಿ ಹಾಡುತ್ತ, ಮಾತನಾಡುತ್ತ ಕಾಡಿನಲ್ಲಿ ನಡೆಯುವುದು ಅಲ್ಲಿಯ ಹೆಂಗಸರ ರೂಢಿ. ಆ ದನಿ ಕೇಳಿ ಆನೆ, ಹುಲಿಗಳು ದೂರ ಸರಿಯುತ್ತವೆ. ಕ್ಯಾಮೆರಾದ ಅಂಜಿಕೆಯಿಂದ ಈಗ ಆ ದನಿ ತಗ್ಗಿದೆ. ಮಾನಕ್ಕೆ ಅಂಜಿ ಪ್ರಾಣವನ್ನು ಪಣಕ್ಕೊಡ್ಡುವ ಸ್ಥಿತಿ ಇದು.

ಇದರಿಂದ ಯಂತ್ರವನ್ನೇ ದೂಷಿಸಬೇಕೆಂದು ನಾನು ಹೇಳುವುದಿಲ್ಲ. ಅದು ನೀಡಿದ ತಿಳಿವಳಿಕೆ ಇಲ್ಲದಿದ್ದರೆ ವನ್ಯಜೀವಿಗಳ ರಕ್ಷಣೆ ಇನ್ನಷ್ಟು ಕಷ್ಟವಾಗುತ್ತಿತ್ತು. ಆದರೆ ಕ್ಯಾಮೆರಾ ಇಡುವ ಮೊದಲು ಊರವರಿಗೆ ತಿಳಿಸುವುದು, ಹೆಂಗಸರು ನಡೆದಾಡುವ ಎಡೆಗಳನ್ನು ಅವರಿಂದಲೇ ಕೇಳಿ ಬಿಟ್ಟುಬಿಡುವುದು, ಮನುಷ್ಯರ ಚಿತ್ರಗಳನ್ನು ಯಾರಿಗೂ ತೋರಿಸದೆ ಅಳಿಸುವುದು, ಇಷ್ಟನ್ನಾದರೂ ಕಡ್ಡಾಯಮಾಡಬೇಕು. ಜಿಂಕೆ ಬೆದರದಿರಲೆಂದು ಹೂಡಿದ ಉಪಾಯಕ್ಕೆ ಹಳ್ಳಿಯ ಹೆಣ್ಣು ಬೆದರುವಂತಾದರೆ, ನಾವು ಕಲಿತದ್ದು ಅರ್ಧ ಪಾಠ ಮಾತ್ರ.