ಸುದಾಯೆವನ ಬಂದೂಕವೂ ಗಿರಣಿಯ ಗಡಿಯಾರವೂ

ಸತ್ಯಾಗ್ರಹದ ದಾರಿ ಹಿಡಿದ ಪಕ್ಷದ ವಾರಪತ್ರಿಕೆಯಲ್ಲಿ ಬಂದೂಕದ ಮಾತೇಕೆ ಎಂದು ಕೆಲವು ವಾಚಕರು ಹುಬ್ಬೇರಿಸಬಹುದು. ಬಂದೂಕದಿಂದ ಸಮಾಜವಾದ ಬಂದೀತೆಂದು ನಾವು ಎಂದೂ ನಂಬಿದವರಲ್ಲ. ಆದರೆ ಗಿರಣಿಯ ಬಾಗಿಲಲ್ಲಿ ಸಭೆ ಸೇರಿದಾಗಲೆಲ್ಲ ಏಳುವ ಒಂದು ಚರ್ಚೆಯುಂಟು. ಹೊಸ ಯಂತ್ರ ಬಂದರೆ ಕೆಲಸ ಬೇಗ ಮುಗಿಯುತ್ತದೆ, ಎಲ್ಲರಿಗೂ ಲಾಭ ಎನ್ನುತ್ತಾರೆ ಮಾಲೀಕರ ಕಡೆಯವರು. ಯಂತ್ರವೇ ನಮ್ಮ ಅನ್ನ ಕಸಿಯುವ ವೈರಿ ಎನ್ನುತ್ತಾರೆ ಕೆಲಸ ಕಳೆದುಕೊಂಡವರು. ಮಾಲೀಕನೇ ಇಲ್ಲದ ರಷ್ಯದಲ್ಲಿ ಈ ಜಗಳವೇ ಇರಲಿಲ್ಲ ಎನ್ನುತ್ತಾರೆ ನಮ್ಮ ಕಮ್ಯುನಿಸ್ಟ್ ಮಿತ್ರರು. ಈ ಮೂರು ಮಾತುಗಳನ್ನೂ ಒರೆಗೆ ಹಚ್ಚಲು ಒಂದು ವಸ್ತು ಬೇಕು. ಎರಡನೆಯ ಮಹಾಯುದ್ಧದಲ್ಲಿ ರಷ್ಯದವರು ತಯಾರಿಸಿದ ಪಿಪಿಎಸ್ ಎಂಬ ಗಿಡ್ಡ ಬಂದೂಕವನ್ನು ನಾವು ಆರಿಸಿಕೊಂಡಿದ್ದೇವೆ. ಅದೊಂದನ್ನು ಮಾಡಲು ಎಷ್ಟು ಉಕ್ಕು, ಎಷ್ಟು ಗಂಟೆ ಹಿಡಿಯಿತು ಎಂಬ ಲೆಕ್ಕ ಸಿಗುತ್ತದೆ. ಗಂಟೆಯ ಲೆಕ್ಕ ಸಿಕ್ಕಿದ ಮೇಲೆ ಆ ಗಂಟೆ ಯಾರ ಪಾಲಾಯಿತೆಂದು ಕೇಳಬಹುದು.

ಇದು ಸಬ್‌ಮಷೀನ್ ಗನ್ ಜಾತಿಯ ಆಯುಧ. ಅಂದರೆ ಪಿಸ್ತೂಲಿನ ಸಣ್ಣ ತೋಟಾಗಳನ್ನೇ ಮಷೀನ್ ಗನ್ನಿನಂತೆ ಒಂದರ ಹಿಂದೊಂದು ಹಾರಿಸುವ, ಒಬ್ಬನೇ ಹೊತ್ತು ಓಡಾಡಬಹುದಾದ ಬಂದೂಕ. ರಷ್ಯದಲ್ಲಿ ಮೊದಲು ದೆಗ್ತ್ಯಾರೊವ್ ರೂಪಿಸಿದ ಮಾದರಿ ಇತ್ತು. ಒಳ್ಳೆಯದೇ, ಆದರೆ ಅದರ ಭಾಗಗಳನ್ನು ಗಟ್ಟಿ ಉಕ್ಕಿನಿಂದ ಕಡೆದು ತೆಗೆಯಬೇಕಾಗಿತ್ತು, ನುರಿತ ಕೈಗಳು ಬೇಕಾಗಿತ್ತು. ಅನಂತರ ರೈತ ಮನೆತನದ ಗಿಯೋರ್ಗಿ ಶ್ಪಾಗಿನ್ ತಗಡನ್ನು ಅಚ್ಚಿನಲ್ಲಿ ಒತ್ತಿ ಮಾಡುವ ಪಿಪಿಶ್ ಬಂದೂಕವನ್ನು ತಂದರು. ಮರದ ಹಿಂಬದಿ, ನಳಿಕೆಯ ಸುತ್ತ ತೂತು ತೂತಾದ ಕವಚ, ಕೆಳಗೆ 71 ತೋಟಾ ಹಿಡಿಯುವ ದುಂಡು ಡಬ್ಬಿ: ಆ ಕಾಲದ ರಷ್ಯದ ಸೈನಿಕನ ಚಿತ್ರಗಳಲ್ಲೆಲ್ಲ ಕಾಣುವುದು ಅದೇ. ಯುದ್ಧ ಮುಗಿಯುವುದರೊಳಗೆ ಐವತ್ತು ಲಕ್ಷಕ್ಕೂ ಮಿಕ್ಕಿ ತಯಾರಾದವು. ಅಂಥ ಒಂದಕ್ಕೆ 13.9 ಕಿಲೋ ಉಕ್ಕು ಬೇಕಾಗುತ್ತಿತ್ತು. ಯಂತ್ರದ ಮೇಲೆ 7.3 ಗಂಟೆಯ ಕೆಲಸ. ಬಂದೂಕದ ತೂಕವಾದರೋ ಮರವೂ ಸೇರಿ ಮೂರೂವರೆ ಕಿಲೋ ಚಿಲ್ಲರೆ. ಉಳಿದ ಹತ್ತು ಕಿಲೋ ಎಲ್ಲಿ ಹೋಯಿತೆಂದು ನಮ್ಮ ಕಬ್ಬಿಣದಂಗಡಿಯ ವರ್ತಕ ಬಂಧುಗಳು ಕೂಡಲೇ ಕೇಳುತ್ತಾರೆ. ಚೂರಾಗಿ, ಪುಡಿಯಾಗಿ ಕಾರ್ಖಾನೆಯ ನೆಲಕ್ಕೆ ಹೋಯಿತು.

ಇನ್ನು ಲೆನಿನ್‌ಗ್ರಾಡ್ ನಗರದ ಸ್ಥಿತಿ. ಈಗ ಅದಕ್ಕೆ ಸೇಂಟ್ ಪೀಟರ್ಸ್‌ಬರ್ಗ್ ಎಂದು ಹೆಸರು. 1941ರ ಸೆಪ್ಟೆಂಬರ್ 8ರಂದು ಜರ್ಮನ್ ಸೈನ್ಯ ನೆಲದ ದಾರಿಗಳನ್ನೆಲ್ಲ ಕಟ್ಟಿತು. ಉತ್ತರದ ಕಡೆ ಫಿನ್‌ಲೆಂಡಿನ ಸೈನ್ಯ ನಿಂತಿತ್ತು. ಮುತ್ತಿಗೆ ಪೂರ್ತಿ ತೆರವಾದದ್ದು 1944ರ ಜನವರಿ 27ರಂದು. 1941ರ ನವೆಂಬರ್ 20ರಿಂದ ಅಲ್ಲಿನ ಕೂಲಿಗಾರನಿಗೆ ದಿನಕ್ಕೆ 250 ಗ್ರಾಂ ರೊಟ್ಟಿ. ಗುಮಾಸ್ತರಿಗೆ, ಮಕ್ಕಳಿಗೆ, ಮನೆಯಲ್ಲಿದ್ದವರಿಗೆ 125 ಗ್ರಾಂ. ಅದರಲ್ಲೂ ಬೆರಕೆ ಬಹಳ. ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಗಂಡಸರು ರಣರಂಗಕ್ಕೆ ಹೋದರು, ಇಲ್ಲವೆ ಮಣ್ಣಿಗೆ ಹೋದರು. ಕಾರ್ಖಾನೆಯ ಪಾಳಿಗಳಲ್ಲಿ ಉಳಿದವರು ಬಹುಪಾಲು ಹೆಂಗಸರು ಮತ್ತು ಎಳೆಯ ಹುಡುಗ ಹುಡುಗಿಯರು. ಉಕ್ಕು ತರಿಸಬೇಕೆಂದರೆ ಲಾದೋಗಾ ಸರೋವರ ದಾಟಿಸಿ ತರಬೇಕು: ಚಳಿಗಾಲದಲ್ಲಿ ಹಿಮದ ಮೇಲೆ ಲಾರಿ, ಬೇಸಿಗೆಯಲ್ಲಿ ದೋಣಿ. ಮೇಲಿನಿಂದ ಬಾಂಬು. ಇಂಥ ಊರಿನಲ್ಲಿ ಹತ್ತು ಕಿಲೋ ಉಕ್ಕನ್ನು ನೆಲಕ್ಕೆ ಉದುರಿಸುವುದು ಆಗದ ಮಾತು.

ಅಲೆಕ್ಸೇಯ್ ಸುದಾಯೆವ್ 1912ರಲ್ಲಿ ವೋಲ್ಗಾ ಸೀಮೆಯ ಅಲಾತಿರ್ ಎಂಬ ಊರಿನಲ್ಲಿ ಹುಟ್ಟಿದವರು. ಕಲಿತ ಮೊದಲ ಕಸುಬು ಫಿಟ್ಟರನದು. ಅವರ ಬಂದೂಕ 1942ರ ಪರೀಕ್ಷೆಗಳಲ್ಲಿ, ಶ್ಪಾಗಿನ್ ಅವರದೇ ಹೊಸದೊಂದು ಮಾದರಿಯೂ ಸೇರಿದಂತೆ, ಉಳಿದೆಲ್ಲವನ್ನೂ ಹಿಂದೆ ಹಾಕಿತು. ಆ ವರ್ಷದ ಕೊನೆಗೆ ಅವರು ಮುತ್ತಿಗೆಯಲ್ಲಿದ್ದ ಲೆನಿನ್‌ಗ್ರಾಡ್‌ಗೇ ಹೋಗಿ ತಯಾರಿಕೆಯನ್ನು ನಿಲ್ಲಿಸಿಕೊಟ್ಟರು. ಸೆಸ್ತ್ರೊರೆತ್ಸ್ಕ್ ಊರಿನಿಂದ ನಗರದೊಳಕ್ಕೆ ತಂದ ಹತ್ಯಾರುಗಳ ಕಾರ್ಖಾನೆಯಲ್ಲಿ ಕೆಲಸ ಮೊದಲಾಯಿತು. ರಣರಂಗ ಹತ್ತಿರದಲ್ಲೇ ಇತ್ತು. ಸೈನಿಕರು ಹೇಳಿದ ಕೊರತೆಗಳನ್ನು ಕೇಳಿಕೊಂಡು ಬಂದು ತಿದ್ದಿದರು. ಹಾಗೆ ತಿದ್ದಿದ್ದೇ 1943ರ ಮಾದರಿ, ಪಿಪಿಎಸ್-43.

ಟ್ರಂಕು, ಡಬ್ಬಿ, ಲಾಂದ್ರ ಮಾಡುವ ತಗಡಿನ ಕೆಲಸಗಾರರಿಗೆ ಈ ಬಂದೂಕವನ್ನು ವಿವರಿಸುವುದು ಸುಲಭ. ಅದರ ಮೈಯೆಲ್ಲ ಒತ್ತಿ ಬಗ್ಗಿಸಿದ ಉಕ್ಕಿನ ತಗಡು. ಬೆಸುಗೆ ಮತ್ತು ರಿವೆಟ್ಟುಗಳಿಂದ ಕೂಡಿಸಿದ್ದು. ನಳಿಕೆ, ಬೋಲ್ಟು ಮತ್ತು ಇನ್ನು ಕೆಲವೇ ಭಾಗಗಳಿಗೆ ಲೇತಿನ ಕೆಲಸ ಬೇಕು. ಮರದ ಹಿಂಬದಿ ಇಲ್ಲ. ಅದರ ಬದಲು ಬಂದೂಕದ ಬೆನ್ನ ಮೇಲೆ ಮಡಚಿಕೊಳ್ಳುವ ಲೋಹದ ಆಸರೆ. ಬಿಚ್ಚಿದರೆ 82 ಸೆಂಟಿಮೀಟರ್ ಉದ್ದ, ಮಡಚಿದರೆ ಸುಮಾರು 61. ಟ್ಯಾಂಕಿನೊಳಗೆ ಕೂರುವವನಿಗೂ ಪೊದೆಯಲ್ಲಿ ತೆವಳುವ ಬೇಹುಗಾರನಿಗೂ ಅದೇ ಬೇಕಾಗಿದ್ದುದು. ತೂಕ ಬರಿದಾಗಿ ಮೂರು ಕಿಲೋ. ನಳಿಕೆಯ ತುದಿಯಲ್ಲಿ ಬಗ್ಗಿಸಿದ ಒಂದು ಪಟ್ಟಿ. ಹೊಗೆಯ ರಭಸ ಅದಕ್ಕೆ ಬಡಿದು ಬಂದೂಕದ ಎಗರಾಟವನ್ನು ತಗ್ಗಿಸುತ್ತದೆ.

ಅದು ಕೆಲಸ ಮಾಡುವ ಬಗೆಯೂ ಅಷ್ಟೇ ಸರಳ. ಹಾರಿಸುವ ಮುಂಚೆ ಭಾರವಾದ ಬೋಲ್ಟು ಸ್ಪ್ರಿಂಗನ್ನು ಅದುಮಿಕೊಂಡು ಹಿಂದೆ ನಿಂತಿರುತ್ತದೆ. ಕುದುರೆ ಎಳೆದರೆ ಕೊಂಡಿ ಬಿಡುತ್ತದೆ. ಬೋಲ್ಟು ಮುನ್ನುಗ್ಗುತ್ತಾ ಪೆಟ್ಟಿಗೆಯಿಂದ ಒಂದು ತೋಟಾವನ್ನು ನಳಿಕೆಗೆ ತಳ್ಳಿ, ತನ್ನ ಮುಖದಲ್ಲೇ ಇರುವ ಮೊಳೆಯಿಂದ ಅದಕ್ಕೆ ಹೊಡೆಯುತ್ತದೆ. ಮದ್ದು ಉರಿಯುತ್ತದೆ. ಗುಂಡು ಮುಂದಕ್ಕೆ ಹಾರುತ್ತದೆ, ಅದೇ ಒತ್ತಡ ಖಾಲಿ ಚಿಪ್ಪನ್ನೂ ಬೋಲ್ಟನ್ನೂ ಹಿಂದಕ್ಕೆ ದೂಡುತ್ತದೆ. ಬೋಲ್ಟನ್ನು ಬೀಗ ಹಾಕಿ ಹಿಡಿಯುವ ಏರ್ಪಾಡೇನೂ ಇಲ್ಲ. ಅದರ ಭಾರವೇ ಬೀಗ. ಅದು ಹಿಂದಕ್ಕೆ ಸರಿಯುವ ಹೊತ್ತಿಗೆ ಗುಂಡು ನಳಿಕೆ ಬಿಟ್ಟು ಹೋಗಿರುತ್ತದೆ. ಚಿಪ್ಪು ಹೊರಗೆ ಬೀಳುತ್ತದೆ, ಸ್ಪ್ರಿಂಗು ಮತ್ತೆ ತಳ್ಳುತ್ತದೆ. ಸ್ಪ್ರಿಂಗಿನ ನಡುವೆ ಅದು ಬಾಗದಂತೆ ಒಂದು ಕಡ್ಡಿ ಇರಲೇಬೇಕಷ್ಟೆ. ಸುದಾಯೆವ್ ಅದೇ ಕಡ್ಡಿಯ ತುದಿಯಿಂದ ಖಾಲಿ ಚಿಪ್ಪನ್ನು ಹೊರಗೆ ಎಸೆಯುವ ಕೆಲಸವನ್ನೂ ಮಾಡಿಸಿದರು. ಬೇರೆ ಬಂದೂಕಗಳಲ್ಲಿ ಆ ಕೆಲಸಕ್ಕೆ ಬೇರೊಂದು ಭಾಗ ಇರುತ್ತದೆ. ಒಂದು ಭಾಗ ಕಡಿಮೆಯಾಯಿತೆಂದರೆ ಅದನ್ನು ಮಾಡುವ, ಅಳೆಯುವ, ಜೋಡಿಸುವ ಕೆಲಸವೆಲ್ಲ ಕಡಿಮೆಯಾಯಿತು. ಫಿಟ್ಟರನಾಗಿದ್ದವನ ಬುದ್ಧಿ ಇದು ಎಂದು ನಮಗೆ ತೋರುತ್ತದೆ.

ಒಂದೊಂದೇ ಗುಂಡು ಹಾರಿಸುವ ಅನುಕೂಲ ಇದರಲ್ಲಿಲ್ಲ. ಆದರೆ ಶ್ಪಾಗಿನ್ ಬಂದೂಕ ನಿಮಿಷಕ್ಕೆ 900ಕ್ಕೂ ಮೇಲ್ಪಟ್ಟ ವೇಗದಲ್ಲಿ ಹಾರಿಸಿದರೆ ಇದರ ವೇಗ 600-700. ತೋಟಾ ಅಷ್ಟು ಬೇಗ ಮುಗಿಯದು, ಕೈಯ ಹಿಡಿತಕ್ಕೂ ಬರುತ್ತದೆ. ದುಂಡು ಡಬ್ಬಿಯ ಬದಲು 35 ತೋಟಾಗಳ ಬಾಗಿದ ಪೆಟ್ಟಿಗೆ. ಚಳಿಗೆ ಮರಗಟ್ಟಿದ ಬೆರಳಿನವನು ಬೇಗ ತುಂಬಿಕೊಳ್ಳಬಹುದು.

ಒಂದು ಪಿಪಿಎಸ್‌ಗೆ ಹಿಡಿದ ಉಕ್ಕು 6.2 ಕಿಲೋ, ಕೆಲಸ 2.7 ಗಂಟೆ. ಎಂಟು ಗಂಟೆಯ ಪಾಳಿಯಲ್ಲಿ ಒಂದು ಯಂತ್ರದ ಪಾಲಿಗೆ ಹಳೆಯದು ಒಂದು ಆಗುತ್ತಿದ್ದ ಕಡೆ ಹೊಸದು ಮೂರಕ್ಕೆ ಕೊಂಚ ಕಡಿಮೆ.

ಇದನ್ನು ಓದಿ ನಮ್ಮ ಹಳೆಯ ಫಿಟ್ಟರುಗಳು ಒಂದು ಮಾತು ಕೇಳುತ್ತಾರೆಂದು ಗೊತ್ತು. ಕಸುಬು ಅಚ್ಚಿನೊಳಕ್ಕೆ ಹೋದ ಮೇಲೆ ಕಸುಬುದಾರನ ಬೆಲೆ ಏನಾಯಿತು? ಸರಿಯಾದ ಪ್ರಶ್ನೆ. ತಗಡನ್ನು ಒತ್ತುವ ಹುಡುಗಿ ವಾರದಲ್ಲಿ ಕೆಲಸ ಕಲಿಯುತ್ತಾಳೆ. ಕಲಿತವಳನ್ನು ವಾರದಲ್ಲಿ ಬದಲಾಯಿಸಲೂ ಬಹುದು. ಗಿರಣಿಗಳಲ್ಲಿ ಮಗ್ಗಗಳ ಸಂಖ್ಯೆ ಏರಿಸಿ ಹಳಬರನ್ನು ಬದಲಿಗಳಾಗಿ ಮಾಡಿದ್ದು ಇದೇ ಉಪಾಯದಿಂದ. ಆದರೆ ಲೆನಿನ್‌ಗ್ರಾಡ್‌ನಲ್ಲಿ ಹೊರಗೆ ಹಾಕಲು ಕಸುಬುದಾರ ಉಳಿದಿರಲಿಲ್ಲ. ಹಸಿದ ಹೆಂಗಸಿನ ಕೈಲಾಗುವಷ್ಟಕ್ಕೆ ಕೆಲಸವನ್ನು ಇಳಿಸಿದ ರಚನೆ ಅದು. ಉಳಿದ ಗಂಟೆಗಳೆಲ್ಲ ಅದೇ ನಗರದ ಕಾವಲಿಗೆ ಹೋದವು. ಅಲ್ಲಿಯ ಮಟ್ಟಿಗೆ ನಮ್ಮ ಕಮ್ಯುನಿಸ್ಟ್ ಮಿತ್ರರ ಮಾತನ್ನು ನಾವು ಒಪ್ಪುತ್ತೇವೆ. ಅದೇ ಕಾಲದಲ್ಲಿ ಬ್ರಿಟನ್ನಿನ ಸ್ಟೆನ್ ಬಂದೂಕವನ್ನೂ ಹೀಗೇ ಅಗ್ಗವಾಗಿ ಮಾಡಿದರು. ಮಕ್ಕಳ ಆಟಿಕೆ ಮಾಡುತ್ತಿದ್ದ ಲೈನ್ಸ್ ಬ್ರದರ್ಸ್ ಕಂಪನಿಯೂ ಅದನ್ನು ತಯಾರಿಸಿತು. ಹಾಗಾದ್ದರಿಂದ ಜಾಣತನ ಒಂದೇ ಬಾವುಟದ ಸೊತ್ತಲ್ಲ.

ಆದರೆ ಮಿತ್ರರು ಹೇಳದೆ ಬಿಡುವ ಒಂದು ಭಾಗವಿದೆ. 1940ರ ಜೂನ್ 26ರಂದು ಸೋವಿಯತ್ ಸರ್ಕಾರ ಒಂದು ಆಜ್ಞೆ ಹೊರಡಿಸಿತು. ಏಳು ಗಂಟೆಯಿದ್ದ ಕೆಲಸದ ದಿನ ಎಂಟು ಗಂಟೆಯಾಯಿತು. ಐದು ದಿನ ದುಡಿದು ಆರನೆಯ ದಿನ ಸಿಗುತ್ತಿದ್ದ ರಜೆ ಏಳನೆಯ ದಿನಕ್ಕೆ ಹೋಯಿತು. ಅದಕ್ಕಾಗಿ ಸಂಬಳ ಏರಲಿಲ್ಲ. ಅಪ್ಪಣೆಯಿಲ್ಲದೆ ಕೆಲಸ ಬಿಟ್ಟರೆ ಎರಡರಿಂದ ನಾಲ್ಕು ತಿಂಗಳು ಸೆರೆಮನೆ. ಕಾರಣವಿಲ್ಲದೆ ಗೈರುಹಾಜರಾದರೆ ಆರು ತಿಂಗಳವರೆಗೆ ಸಂಬಳದಲ್ಲಿ ಕಾಲುಭಾಗದವರೆಗೆ ಕಡಿತ. ಇಪ್ಪತ್ತು ನಿಮಿಷ ಮೀರಿ ತಡವಾಗಿ ಬಂದರೂ ಗೈರುಹಾಜರಿಯೇ. ಇದನ್ನು ವಿಧಿಸಿದ್ದು ಜಾಬರನೂ ಅಲ್ಲ, ಮ್ಯಾನೇಜರನೂ ಅಲ್ಲ, ನ್ಯಾಯಾಲಯ!

ಯುದ್ಧಕಾಲ, ಬೇರೆ ದಾರಿಯಿರಲಿಲ್ಲ ಎಂಬ ಸಮಾಧಾನ ಇಲ್ಲಿ ನಿಲ್ಲುವುದಿಲ್ಲ. ಹಿಟ್ಲರನ ಸೈನ್ಯ ರಷ್ಯದ ಮೇಲೆ ಬಿದ್ದದ್ದು 1941ರ ಜೂನ್ 22ರಂದು. ಆಜ್ಞೆ ಬಂದದ್ದು ಅದಕ್ಕೆ ಒಂದು ವರ್ಷ ಮೊದಲು. ಯುದ್ಧ ಮುಗಿದದ್ದು 1945ರಲ್ಲಿ. ಆಜ್ಞೆ ಪೂರ್ತಿ ರದ್ದಾದದ್ದು 1956ರಲ್ಲಿ. ಮುತ್ತಿಗೆಯ ಊರಿನಲ್ಲಿ ಕಾರ್ಮಿಕರು ತಾವಾಗಿಯೇ ಹಗಲಿರುಳು ದುಡಿದರು, ಅವರಿಗೆ ನಾವು ತಲೆಬಾಗುತ್ತೇವೆ. ಆದರೆ ಒಂದು ಬಂದೂಕಕ್ಕೆ ನಾಲ್ಕೂವರೆ ಗಂಟೆ ಉಳಿಸಿಕೊಟ್ಟವರ ಗಡಿಯಾರವನ್ನು ಯುದ್ಧ ಮುಗಿದು ಹನ್ನೊಂದು ವರ್ಷ ಸರ್ಕಾರವೇ ಹಿಡಿದುಕೊಂಡಿತ್ತಲ್ಲ, ಅದಕ್ಕೆ ಮುಷ್ಕರದ ಹಕ್ಕಿಲ್ಲದ ಸಂಘಗಳು ಏನು ಮಾಡಿದವು? ಮಾಲೀಕ ಹೋದ ಜಾಗದಲ್ಲಿ ಸರ್ಕಾರ ಕುಳಿತರೆ ಗಂಟೆ ತಾನಾಗಿ ಕಾರ್ಮಿಕನದಾಗುವುದಿಲ್ಲ. ಡಾಕ್ಟರ್ ಲೋಹಿಯಾ ಅವರು ಸಣ್ಣ ಘಟಕದ ಯಂತ್ರದ ಮಾತೆತ್ತಿದಾಗ ನಕ್ಕವರುಂಟು. ಯಂತ್ರದ ಗಾತ್ರದ ಜೊತೆಗೆ ಅದರ ಮೇಲಿನ ಅಧಿಕಾರದ ಪ್ರಶ್ನೆಯನ್ನೂ ಅವರು ಎತ್ತಿದ್ದರೆಂಬುದನ್ನು ನಕ್ಕವರು ಗಮನಿಸಲಿಲ್ಲ.

ಬಂದೂಕದ ಮುಂದಿನ ಕಥೆ ಚಿಕ್ಕದು. ಉತ್ತಮವಾಗಿದ್ದರೂ ಅದು ಶ್ಪಾಗಿನ್ ಬಂದೂಕವನ್ನು ಪೂರ್ತಿ ಹೊರದೂಡಲಿಲ್ಲ. ಕಾರ್ಖಾನೆಗಳಲ್ಲಿ ಹಳೆಯದರ ಅಚ್ಚುಗಳು ಕೂತಾಗಿತ್ತು, ಬದಲಾಯಿಸಲು ಯುದ್ಧದ ನಡುವೆ ಪುರುಸೊತ್ತಿರಲಿಲ್ಲ. ಲೆನಿನ್‌ಗ್ರಾಡ್‌ನ ಉತ್ತರಕ್ಕೆ ನಿಂತಿದ್ದ ಫಿನ್‌ಲೆಂಡಿನವರೇ ಇದನ್ನು ನಕಲು ಮಾಡಿ, 9 ಮಿಲಿಮೀಟರ್ ತೋಟಾಕ್ಕೆ ಹೊಂದಿಸಿ, 1944ರ ಮಾದರಿ ಎಂದು ತಯಾರಿಸಿಕೊಂಡರು. ಅನಂತರ ಪೋಲೆಂಡ್, ಚೀನಗಳಲ್ಲೂ ಆಯಿತು. ಸುದಾಯೆವ್ 1946ರ ಆಗಸ್ಟಿನಲ್ಲಿ ಕಾಯಿಲೆಯಿಂದ ತೀರಿಕೊಂಡರು. ಮೂವತ್ತನಾಲ್ಕು ಇನ್ನೂ ತುಂಬಿರಲಿಲ್ಲ. ಹತ್ತು ವರ್ಷದ ಮೇಲೆ, 1956ರ ನವೆಂಬರಿನಲ್ಲಿ, ಬುಡಾಪೆಸ್ಟಿನ ಚೆಪೆಲ್ ಉಕ್ಕಿನ ಕಾರ್ಖಾನೆಯ ಕಾರ್ಮಿಕರು ತಮ್ಮದೇ ಮಂಡಳಿ ಕಟ್ಟಿಕೊಂಡು ಸೋವಿಯತ್ ಟ್ಯಾಂಕುಗಳ ಎದುರು ನಿಂತರು. ಆ ದಂಗೆಯಲ್ಲಿ ಹಂಗೇರಿಯ ಕಾರ್ಮಿಕರು ಹಿಡಿದದ್ದೂ ಇದೇ ವಂಶದ ಬಂದೂಕಗಳನ್ನು. ಟ್ಯಾಂಕು ಗೆದ್ದಿತು.

ನಮ್ಮ ದೇಶದಲ್ಲಿ ಈ ಮಾತು ಹೊಸದಲ್ಲ. 1957ರ ಜುಲೈನಲ್ಲಿ ಸೇರಿದ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನ ಯಂತ್ರ ಸುಧಾರಣೆಗೆ ಕಟ್ಟುಪಾಡು ಹಾಕಿತ್ತು: ಇರುವವರ ಕೆಲಸವಾಗಲಿ ಗಳಿಕೆಯಾಗಲಿ ಹೋಗಕೂಡದು, ಲಾಭ ನ್ಯಾಯವಾಗಿ ಹಂಚಿಕೆಯಾಗಬೇಕು, ಒಬ್ಬನ ಮೇಲೆ ಬೀಳುವ ಕೆಲಸವನ್ನು ಸರಿಯಾಗಿ ಅಳೆಯಬೇಕು. ಸರ್ಕಾರ, ಮಾಲೀಕರು, ಸಂಘಗಳು ಮೂವರೂ ಒಪ್ಪಿದ ಮಾತು. ಅದು ಕಾನೂನಲ್ಲ, ಬರಿಯ ಒಪ್ಪಿಗೆ ಎಂದು ಅದನ್ನು ಮೂಲೆಗೆ ಹಾಕಿದವರೇ ಹೆಚ್ಚು. ಆದರೂ ಕೇಳುವುದಕ್ಕೆ ಅದೇ ಆಧಾರ. ಸುದಾಯೆವನ ಬಂದೂಕಕ್ಕೆ 7.3 ಮತ್ತು 2.7 ಎಂದು ಎರಡು ಅಂಕಿ ಇದ್ದ ಹಾಗೆ ಪ್ರತಿ ಹೊಸ ಯಂತ್ರಕ್ಕೂ ಎರಡು ಅಂಕಿ ಇರುತ್ತವೆ; ಮಾಲೀಕರ ಕಚೇರಿಯಲ್ಲಿ ಅವು ಬರೆದಿಟ್ಟೇ ಇರುತ್ತವೆ. ಹೊಸ ಮಗ್ಗವೋ ಹೊಸ ನೂಲುಯಂತ್ರವೋ ಬರುವ ಸುದ್ದಿ ಕೇಳಿದ ದಿನವೇ ಆ ಎರಡು ಅಂಕಿಗಳನ್ನು ಬರಹದಲ್ಲಿ ಕೊಡಿರೆಂದು ಪ್ರತಿ ಖಾತೆಯ ಸಂಘದ ಪ್ರತಿನಿಧಿಗಳು ಅರ್ಜಿ ಹಾಕಬೇಕು. ಯಂತ್ರ ಕೂತ ಮೇಲೆ ಕೇಳಿದರೆ ತಡವಾಗುತ್ತದೆ. ಅರ್ಜಿಯ ನಕಲನ್ನು ಪಕ್ಷದ ಕಚೇರಿಗೂ ಕಳಿಸಿದರೆ, ಬಂದ ಉತ್ತರವನ್ನೂ ಬಾರದ ಉತ್ತರವನ್ನೂ ನಾವು ಇದೇ ಪುಟದಲ್ಲಿ ಅಚ್ಚು ಮಾಡುತ್ತೇವೆ.